ಆಸ್ಟನ್ನಿನ ಒಂಬತ್ತು ಹಾಡುಗಳು

ಬರ್ಮಿಂಗ್‌ಹ್ಯಾಮ್ ನಗರದ ನ್ಯೂ ಸ್ಟ್ರೀಟ್ ರೈಲ್ವೆ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕನನ್ನು ಎದುರುಗೊಳ್ಳುವುದು ಒಂದು ಗೂಳಿ. ಸುಮಾರು ಹತ್ತು ಮೀಟರ್ ಎತ್ತರದ ಯಂತ್ರದ ಗೂಳಿ. ತಲೆ ತಿರುಗಿಸುತ್ತದೆ, ಕಣ್ಣು ಹೊರಳಿಸುತ್ತದೆ. 2022ರಲ್ಲಿ ಈ ಊರಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಾಗ ಉದ್ಘಾಟನೆಯ ಸಂಭ್ರಮಕ್ಕೆಂದು ಮಾಡಿಸಿದ್ದನ್ನು ಮರುವರ್ಷ ನಿಲ್ದಾಣಕ್ಕೆ ತಂದು ನಿಲ್ಲಿಸಿದರು. ಹೆಸರೇನಿಡಬೇಕೆಂದು ಊರಿನವರನ್ನು ಕೇಳಿದಾಗ ಬಹುಮತದಿಂದ ಬಂದ ಹೆಸರು ‘ಓಜಿ’. ಬಸವನಗುಡಿಯ ಬಸವಣ್ಣನ ನೆರಳಿನಲ್ಲಿ ಕಡಲೆಕಾಯಿ ತಿಂದು ಬೆಳೆದ ನನಗೆ ಊರಿಗೊಂದು ಗೂಳಿ ಇರುವುದು ವಿಚಿತ್ರವೆನಿಸಲಿಲ್ಲ. ಆದರೆ ಗೂಳಿಗೆ ಹಾಡುಗಾರನ ಹೆಸರಿಟ್ಟ ಊರನ್ನು ನಾನು ಕಂಡದ್ದು ಇದೇ ಮೊದಲು.

ಓಜಿ ಆಸ್ಬರ್ನ್ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ಕೇಳಿರಬಹುದು. ಕೇಳಿದವರಲ್ಲಿ ಹಲವರು ವೇದಿಕೆಯ ಮೇಲೆ ಬಾವಲಿಯ ತಲೆ ಕಚ್ಚಿದ ಮನುಷ್ಯನೆಂದಷ್ಟೆ ಬಲ್ಲರು. ಆ ಘಟನೆ 1982ರಲ್ಲಿ ನಡೆದದ್ದು ನಿಜ. ಆದರೆ ನಲವತ್ತು ವರ್ಷಗಳಿಗೂ ಮಿಕ್ಕಿ ಅವರ ಹಾಡುಗಳನ್ನು ಕೇಳುತ್ತ ಬಂದ ನನ್ನಂಥವನಿಗೆ ಅವರು ಬೇರೆಯೇ ವ್ಯಕ್ತಿ. ‘ಹೆವಿ ಮೆಟಲ್’ ಎಂದು ಲೋಕ ಕರೆಯುವ ಸಂಗೀತಕ್ಕೆ, ಅಂದರೆ ಭಾರವಾದ ಲೋಹದ ಸಂಗೀತಕ್ಕೆ, ಮೊದಲ ಗಂಟಲಾದವರು ಅವರು. ಅವರ ಕೊಟ್ಟಕೊನೆಯ ಕಚೇರಿ 2025ರ ಜುಲೈ 5ರಂದು, ಅವರು ಹುಡುಗನಾಗಿ ಓಡಾಡಿದ ಆಸ್ಟನ್ ಬಡಾವಣೆಯ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ನಡೆಯಿತು. ಟಿಕೆಟ್ಟುಗಳು ಮಾರಾಟಕ್ಕೆ ಬಂದ ಕೆಲವೇ ನಿಮಿಷಗಳಲ್ಲಿ ಮುಗಿದುಹೋದವು. ಈ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಆ ಕೆಲವು ನಿಮಿಷಗಳಲ್ಲಿ ಎರಡು ಟಿಕೆಟ್ಟು ಹಿಡಿದಳು. “ಅಪ್ಪಾ, ಈಗ ಬರದಿದ್ದರೆ ಇನ್ನೆಂದಿಗೂ ಇಲ್ಲ” ಎಂದು ದೂರವಾಣಿಯಲ್ಲಿ ಹೇಳಿದಳು. ನಾನು ಹೊರಟೆ.

ಹೊರಡುವ ಮುನ್ನ ಒಂದು ಸಣ್ಣ ಪುಸ್ತಕವನ್ನು ಕಿಸೆಗೆ ಹಾಕಿಕೊಂಡೆ. ಕಚೇರಿಯಲ್ಲಿ ಹಾಡಿದ್ದನ್ನೆಲ್ಲ ಕ್ರಮವಾಗಿ ಗುರುತು ಹಾಕಿಕೊಳ್ಳುವ ಅಭ್ಯಾಸ ನನಗೆ ತಂದೆಯವರಿಂದ ಬಂದದ್ದು. ಅವರು ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯ ಪ್ರೆಸ್ ಷಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ರಾಮನವಮಿ ಬಂತೆಂದರೆ ಪಾಳಿ ಬದಲಾಯಿಸಿಕೊಂಡು ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಹೋಗಿ ಕುಳಿತು, ವರ್ಣದಿಂದ ಮಂಗಳದವರೆಗೆ ಪ್ರತಿಯೊಂದನ್ನೂ ರಾಗ ತಾಳ ಸಮೇತ ಕಿರುಡೈರಿಯಲ್ಲಿ ಬರೆದಿಡುತ್ತಿದ್ದರು. ಅಂಥವರ ಮಗನಾದ ನಾನು ಹದಿನಾರನೆಯ ವಯಸ್ಸಿನಲ್ಲಿ ಸ್ನೇಹಿತನ ಅಣ್ಣನಿಂದ ‘ಬ್ಲ್ಯಾಕ್ ಸ್ಯಾಬತ್’ ವಾದ್ಯವೃಂದದ ಕ್ಯಾಸೆಟ್ಟೊಂದನ್ನು ಎರವಲು ತಂದು ಮನೆಯಲ್ಲಿ ಹಾಕಿದೆ. ‘ಐರನ್ ಮ್ಯಾನ್’ ಎಂಬ ಹಾಡು ಮೊಳಗಿತು. ತಂದೆಯವರು ಅಡುಗೆಮನೆಯ ಬಾಗಿಲಿನಲ್ಲಿ ಕಾಫಿಯ ಲೋಟ ಹಿಡಿದು ನಿಂತು ಎರಡು ನಿಮಿಷ ಕೇಳಿ, “ಇದು ನಮ್ಮ ಪ್ರೆಸ್ ಷಾಪಿನ ಸದ್ದು ಕಣೋ. ನಾನು ನಾಲ್ಕು ಗಂಟೆಗೆ ಅಲ್ಲೇ ಬಿಟ್ಟು ಬಂದದ್ದನ್ನು ನೀನು ಮನೆಗೆ ಯಾಕೋ ತಂದೆ?” ಎಂದರು.

ಅವರು ಹಾಸ್ಯಕ್ಕೆ ಆಡಿದ ಆ ಮಾತು ಎಷ್ಟು ಸತ್ಯವೆಂಬುದು ನನಗೆ ತಿಳಿದದ್ದು ಆಸ್ಟನ್ನಿನ ಬೀದಿಗಳಲ್ಲಿ.

ಸುತ್ತಿಗೆಯ ಊರು

ಬರ್ಮಿಂಗ್‌ಹ್ಯಾಮನ್ನು ‘ಸಾವಿರ ಕಸುಬುಗಳ ಊರು’ ಎಂದು ಕರೆಯುವ ವಾಡಿಕೆ ಹಳೆಯದು. ಮ್ಯಾಥ್ಯೂ ಬೋಲ್ಟನ್ ಮತ್ತು ಜೇಮ್ಸ್ ವ್ಯಾಟ್ ಜೊತೆಗೂಡಿ ಉಗಿಯಂತ್ರವನ್ನು ಲೋಕಕ್ಕೆ ಮಾರಿದ್ದು ಇಲ್ಲಿಂದ. ಗುಂಡಿ, ಪೆನ್ನಿನ ಮುಳ್ಳು, ಬಂದೂಕು, ಮೋಟಾರುಗಾಡಿಯ ಬಿಡಿಭಾಗ, ಎಲ್ಲವೂ ಇಲ್ಲಿ ತಯಾರಾಗುತ್ತಿದ್ದವು. ನ್ಯೂ ಸ್ಟ್ರೀಟಿನಿಂದ ರೈಲು ಹಿಡಿದರೆ ಆಸ್ಟನ್ ಕೆಲವೇ ನಿಮಿಷಗಳ ದಾರಿ. ಇಂಗ್ಲೆಂಡಿನ ಊಟದ ಮೇಜಿನ ಮೇಲೆಲ್ಲ ಕಾಣುವ ಎಚ್.ಪಿ. ಸಾಸನ್ನು ಬಹುಕಾಲ ತಯಾರಿಸಿದ್ದು ಈ ಬಡಾವಣೆಯಲ್ಲಿ. ಆ ಕಾರ್ಖಾನೆ 2007ರಲ್ಲಿ ಮುಚ್ಚಿತು. ಅದಕ್ಕೂ ಹಿಂದೆ, 1981ರಲ್ಲಿ, ಇಲ್ಲಿನ ದೊಡ್ಡ ಬಿಯರ್ ಕಾರ್ಖಾನೆ ಮುಚ್ಚಿತ್ತು. ಈಗ ಬೀದಿಗಳಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಕೆರಿಬಿಯನ್ ದ್ವೀಪಗಳ ಮೂಲದ ಸಂಸಾರಗಳು ವಾಸವಾಗಿವೆ. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳ ಸಾಲು ಮಾತ್ರ ಹಾಗೆಯೇ ಇದೆ.

ಅಂಥ ಸಾಲಿನ ಒಂದು ಚಿಕ್ಕ ಮನೆಯಲ್ಲಿ, ಲಾಡ್ಜ್ ರಸ್ತೆಯ 14ನೆಯ ನಂಬರಿನಲ್ಲಿ, ಆಸ್ಬರ್ನ್ ದಂಪತಿಗಳ ಆರು ಮಕ್ಕಳು ಬೆಳೆದರು. 1948ರ ಡಿಸೆಂಬರಿನಲ್ಲಿ ಹುಟ್ಟಿದ ಜಾನ್, ಅಂದರೆ ನಮ್ಮ ಓಜಿ, ಅವರಲ್ಲಿ ನಾಲ್ಕನೆಯವರು. ತಂದೆ ಕಾರ್ಖಾನೆಯಲ್ಲಿ ಉಪಕರಣ ತಯಾರಿಸುವ ಕೆಲಸಗಾರ. ತಾಯಿ ಮೋಟಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹದಿನೈದಕ್ಕೆ ಶಾಲೆ ಬಿಟ್ಟ ಮಗ ಕಸಾಯಿಖಾನೆಯಲ್ಲಿ ದುಡಿದರು. ಕಾರಿನ ಹಾರನ್ನುಗಳ ಶ್ರುತಿ ನೋಡುವ ಕೆಲಸವನ್ನೂ ಮಾಡಿದರು. ಕಳ್ಳತನಕ್ಕೆ ಸಿಕ್ಕಿಬಿದ್ದು ಕೆಲವು ವಾರ ಸೆರೆಮನೆಯನ್ನೂ ಕಂಡರು. ಅದಕ್ಕೂ ಮೊದಲು, ಚಿಕ್ಕ ಹುಡುಗನಾಗಿದ್ದಾಗ, ವಿಲ್ಲಾ ಪಾರ್ಕಿನಲ್ಲಿ ಪಂದ್ಯ ನಡೆಯುವ ದಿನ ಬೀದಿಯಲ್ಲಿ ನಿಂತ ಕಾರುಗಳನ್ನು ಕಾಯುತ್ತೇನೆಂದು ಹೇಳಿ ಕಾಸು ಸಂಪಾದಿಸುತ್ತಿದ್ದರಂತೆ. ಮೈದಾನದ ಹೊರಗೆ ಕಾರು ಕಾದ ಹುಡುಗ ಅರವತ್ತು ವರ್ಷಗಳಿಗೂ ಹೆಚ್ಚಿನ ಕಾಲದ ಮೇಲೆ ಅದೇ ಮೈದಾನದೊಳಗೆ ಹಾಡಲು ಬಂದದ್ದು ಕಥೆಗಾರರು ಬರೆದರೆ ಅತಿಶಯವೆನ್ನಬಹುದಾದ ಸಂಗತಿ.

ಇವರ ಜೊತೆಗಾರ, ಗಿಟಾರ್ ನುಡಿಸುವ ಟೋನಿ ಅಯೋಮಿ, ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅದು ಆ ಕಾರ್ಖಾನೆಯಲ್ಲಿ ಅವರ ಕೊನೆಯ ದಿನ. ಎಡಗೈಯಿಂದ ಮೀಟುವ ಅವರಿಗೆ ತಂತಿ ಒತ್ತುವ ಕೈಯೇ ಊನವಾಯಿತು. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದರು. ಆ ಗಂಭೀರವಾದ ಭಾರವಾದ ನಾದದಲ್ಲಿ ಒಂದು ಪಾಲು ಆ ಗಾಯದಿಂದ ಬಂದದ್ದು. ಕಾಲೇಜಿನ ದಿನಗಳಲ್ಲಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕ ಆಂಗ್ಲ ಪತ್ರಿಕೆಯೊಂದರಲ್ಲಿ ಇದನ್ನು ಓದಿ ತಂದೆಯವರಿಗೆ ಹೇಳಿದ್ದೆ. ಅದುವರೆಗೆ ಆ ಸಂಗೀತವನ್ನು ಗದ್ದಲವೆನ್ನುತ್ತಿದ್ದವರು ಕೈಯಲ್ಲಿದ್ದ ಪತ್ರಿಕೆಯನ್ನು ಕೆಳಗಿಟ್ಟು ಕೇಳಿದರು: “ಯಾವ ಯಂತ್ರವೋ? ಅದಕ್ಕೆ ಗಾರ್ಡ್ ಇರಲಿಲ್ಲವೇ?” ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ನಮ್ಮಲ್ಲೂ ಇಬ್ಬರಿಗೆ ಹೀಗಾಯಿತು. ಪಾಪ, ಅವರು ಏನನ್ನೂ ನುಡಿಸಲಿಲ್ಲ” ಎಂದು ಸುಮ್ಮನಾದರು. ಆ ರಾತ್ರಿ ‘ಚೇಂಜಸ್’ ಎಂಬ ಹಾಡನ್ನು ಹಾಕಿದೆ. ಅದರಲ್ಲಿ ಗಿಟಾರಿನ ಅಬ್ಬರವಿಲ್ಲ. ಪಿಯಾನೊ, ಅದರ ಮೇಲೆ ಒಂಟಿ ಕಂಠ. “ಇದೂ ಅವರದೇ ಏನೋ? ಪೂರ್ತಿ ಬರಲಿ” ಎಂದರು. ಅವರು ನನ್ನೊಡನೆ ಕುಳಿತು ಕೊನೆಯವರೆಗೆ ಕೇಳಿದ ಹಾಡು ಅದೊಂದೇ.

ಆ ದಿನದ ಕಚೇರಿ

ಕಚೇರಿ ಮಧ್ಯಾಹ್ನವೇ ಪ್ರಾರಂಭವಾಯಿತು. ನಲವತ್ತು ಸಾವಿರ ಜನ ಸೇರಿದ್ದರು. ಬಂದ ಹಣ ಪಾರ್ಕಿನ್‌ಸನ್ ರೋಗದ ಸಂಶೋಧನೆಗೆ, ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಗೆ ಮತ್ತು ಗುಣವಾಗದ ಕಾಯಿಲೆಯ ಮಕ್ಕಳ ಆರೈಕೆಯ ಸಂಸ್ಥೆಯೊಂದಕ್ಕೆ ಮೀಸಲು. ಒಂದಾದಮೇಲೊಂದರಂತೆ ಹತ್ತಕ್ಕೂ ಹೆಚ್ಚು ವಾದ್ಯವೃಂದಗಳು ಬಂದು, ತಮ್ಮ ಹಾಡುಗಳ ಜೊತೆಗೆ ಓಜಿಯವರದೋ ಬ್ಲ್ಯಾಕ್ ಸ್ಯಾಬತ್ತಿನದೋ ಒಂದೆರಡನ್ನು ಕಾಣಿಕೆಯಾಗಿ ಹಾಡಿಹೋದವು. ಮ್ಯಾಸ್ಟೊಡಾನ್ ‘ಸೂಪರ್‌ನಾಟ್’ ಹಾಡಿತು. ಆಂತ್ರ್ಯಾಕ್ಸ್ ‘ಇನ್‌ಟು ದಿ ವಾಯ್ಡ್’. ಲ್ಯಾಂಬ್ ಆಫ್ ಗಾಡ್ ‘ಚಿಲ್ಡ್ರನ್ ಆಫ್ ದಿ ಗ್ರೇವ್’. ಗನ್ಸ್ ಎನ್ ರೋಸಸ್ ‘ಸ್ಯಾಬತ್ ಬ್ಲಡಿ ಸ್ಯಾಬತ್’. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಾನು ಕೇಳಿದ್ದ ಮೆಟಾಲಿಕಾ ಕೂಡ ಬಂದಿತ್ತು; ಅವರು ಹೆಚ್ಚು ಜನ ಮರೆತಿದ್ದ ‘ಹೋಲ್ ಇನ್ ದಿ ಸ್ಕೈ’ ಹಾಡನ್ನು ಎತ್ತಿಕೊಂಡರು.

ನಡುವೆ ‘ಚೇಂಜಸ್’ ಬಂತು. ಹಾಡಿದವರು ಯಂಗ್‌ಬ್ಲಡ್ ಎಂಬ ಹೆಸರಿನ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಗಾಯಕರು. ಜನವೆಲ್ಲ ಮೈಮರೆತು ದನಿಗೂಡಿಸಿತು. ನನಗೆ ಮಾತ್ರ ಎದೆಯಲ್ಲಿ ಏನೋ ಕುಸಿದಂತಾಯಿತು. ಇವರು ಹಾಡಿದಮೇಲೆ ಓಜಿಯವರು ಅದನ್ನು ಮತ್ತೆ ಹಾಡುವುದಿಲ್ಲವೆಂಬುದು ಖಚಿತವಾಯಿತಲ್ಲ! ಯಾವ ಹಾಡಿಗಾಗಿ ಸುಮಾರು ಐದು ಸಾವಿರ ಮೈಲಿ ಬಂದೆನೋ ಅದು ಬೇರೆಯವರ ಪಾಲಾಯಿತು. ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ. ಆದರೆ ಅಕ್ಷರ ಸ್ವಲ್ಪ ಒತ್ತಾಗಿ ಬಿತ್ತು.

ರಾತ್ರಿಯ ಹೊತ್ತಿಗೆ ವೇದಿಕೆಯ ಅಡಿಯಿಂದ ಕಪ್ಪು ಸಿಂಹಾಸನವೊಂದು ಮೇಲೆದ್ದು ಬಂತು. ಅದರಲ್ಲಿ ಓಜಿ ಕುಳಿತಿದ್ದರು. ಪಾರ್ಕಿನ್‌ಸನ್ ರೋಗವಿರುವುದನ್ನು ಅವರು 2020ರಲ್ಲೇ ಬಹಿರಂಗಪಡಿಸಿದ್ದರು. ಬೆನ್ನಿನ ಶಸ್ತ್ರಚಿಕಿತ್ಸೆಗಳಾಗಿ ನಡೆಯುವುದೂ ಕಷ್ಟವಾಗಿತ್ತು. ಆರು ವರ್ಷ ಮಲಗಿಯೇ ಕಳೆದೆನೆಂದು ಅವರೇ ಜನರಿಗೆ ಹೇಳಿದರು. ಕೈ ಎತ್ತಿ ಚಪ್ಪಾಳೆ ತಟ್ಟಿಸಿದರು, ಕಣ್ಣು ಅಗಲಿಸಿದರು. ಏಳಬೇಕೆಂದು ಮೈಯೆಲ್ಲ ತವಕಿಸುತ್ತಿದ್ದುದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಹಾಡಿದ್ದು ಇಷ್ಟು. ಮೊದಲು ತಮ್ಮ ಸ್ವಂತ ವೃಂದದೊಡನೆ ‘ಐ ಡೋಂಟ್ ನೋ’, ‘ಮಿಸ್ಟರ್ ಕ್ರೌಲಿ’, ‘ಸೂಯಿಸೈಡ್ ಸೊಲ್ಯೂಷನ್’, ‘ಮಾಮಾ, ಐ ಆಮ್ ಕಮಿಂಗ್ ಹೋಮ್’, ‘ಕ್ರೇಜಿ ಟ್ರೇನ್’. ಅನಂತರ ಬ್ಲ್ಯಾಕ್ ಸ್ಯಾಬತ್ತಿನ ನಾಲ್ವರು ಮೂಲಸದಸ್ಯರು, 2005ರ ಬಳಿಕ ಮೊದಲ ಬಾರಿಗೆ ಒಂದೇ ವೇದಿಕೆಯಲ್ಲಿ: ಗಿಟಾರಿನಲ್ಲಿ ಅಯೋಮಿ, ಬೇಸ್ ಗಿಟಾರಿನಲ್ಲಿ ಗೀಜರ್ ಬಟ್ಲರ್, ಡ್ರಮ್ಮಿನಲ್ಲಿ ಬಿಲ್ ವಾರ್ಡ್. ಅವರೊಡನೆ ‘ವಾರ್ ಪಿಗ್ಸ್’, ‘ಎನ್.ಐ.ಬಿ.’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’. ಒಟ್ಟು ಒಂಬತ್ತು. ಬಾಣಬಿರುಸು ಹಾರಿತು, ಕಚೇರಿ ಮುಗಿಯಿತು.

‘ಮಾಮಾ’ ಎಂದೊಡನೆ ನಮ್ಮವರು ಸೋದರಮಾವನೆಂದು ತಿಳಿಯಬಾರದು. ಓಜಿ ತಮ್ಮ ಪತ್ನಿ ಷರಾನರನ್ನು ಕರೆಯುತ್ತಿದ್ದ ಹೆಸರದು. ದೂರದೂರ ಅಲೆದ ಗಂಡ ಮನೆಗೆ ಮರಳುವ ಹಾಡು. ಅಲ್ಲಿ ಅವರ ದನಿ ಒಡೆಯಿತು, ಶ್ರುತಿ ಜಾರಿತು. ಜಾರಿದ ಕಡೆಯಲ್ಲೆಲ್ಲ ನಲವತ್ತು ಸಾವಿರ ಜನ ಕೈಹಿಡಿದರು. ನನ್ನ ಪಕ್ಕದಲ್ಲಿ ತೋಳಿಗೆಲ್ಲ ಹಚ್ಚೆ ಹಾಕಿಸಿಕೊಂಡಿದ್ದ ಆಜಾನುಬಾಹುವೊಬ್ಬರು ಮಗುವಿನಂತೆ ಅಳುತ್ತಿದ್ದರು.

ಅಭಿಮಾನಿಯ ಆಕ್ಷೇಪಣೆ

ಮನೆಗೆ ಬಂದಮೇಲೆ ನಿದ್ರೆ ಬರಲಿಲ್ಲ. ಹಳೆಯ ಅಭಿಮಾನಿಗಳ ಜಾತಿಯೇ ಹೀಗೆ. ದೇವರು ಪ್ರತ್ಯಕ್ಷನಾದರೂ ಹೂವಿನ ಹಾರ ಯಾಕೆ ಚಿಕ್ಕದಾಯಿತೆಂದು ಕೇಳುವವರು. ಪುಸ್ತಕ ತೆರೆದು ಲೆಕ್ಕ ಹಾಕಿದೆ. ಒಂಬತ್ತರಲ್ಲಿ ನಾಲ್ಕು ಹಾಡುಗಳು 1970ರಲ್ಲಿ ಬಂದ ಎರಡು ತಟ್ಟೆಗಳವು. ನಾಲ್ಕು 1980ರ ‘ಬ್ಲಿಜರ್ಡ್ ಆಫ್ ಓಜ್’ ಎಂಬ ಒಂದೇ ತಟ್ಟೆಯವು. ಮಿಕ್ಕದ್ದು ಒಂದು, 1991ರದು. ಆಮೇಲಿನ ಮೂವತ್ತನಾಲ್ಕು ವರ್ಷಗಳಿಂದ ಒಂದೂ ಇಲ್ಲ. ವೃಂದದ ಹೆಸರನ್ನೇ ಹೊತ್ತ ‘ಬ್ಲ್ಯಾಕ್ ಸ್ಯಾಬತ್’ ಇಲ್ಲ. ಹಳೆಯ ವೃಂದದಿಂದ ಹೊರಬಿದ್ದ ನೋವಿನಲ್ಲಿ ಹುಟ್ಟಿದ ‘ಗುಡ್‌ಬೈ ಟು ರೊಮಾನ್ಸ್’, ವಿದಾಯಕ್ಕೆ ಅದಕ್ಕಿಂತ ಒಪ್ಪುವ ಹಾಡಿಲ್ಲ, ಅದೂ ಇಲ್ಲ. ‘ನೋ ಮೋರ್ ಟಿಯರ್ಸ್’ ಇಲ್ಲ. ‘ಚೇಂಜಸ್’ ಇಲ್ಲವೆಂಬುದನ್ನು ಮತ್ತೆ ಹೇಳಬೇಕಿಲ್ಲ. ಪಟ್ಟಿಯ ಹಿಂಬದಿಯಲ್ಲಿ ಇವೆಲ್ಲವನ್ನೂ ದೋಷಪಟ್ಟಿಯಂತೆ ಬರೆದೆ.

ಬೆಳಗ್ಗೆ ಕಾಫಿ ಕುಡಿಯುತ್ತ ಮಗಳಿಗೆ ಅದನ್ನು ಓದಿ ಹೇಳಿದೆ. ಅವಳು ಪುಸ್ತಕವನ್ನು ಇಸಿದುಕೊಂಡು ಹಿಂದಿನ ಪುಟಗಳನ್ನು ತಿರುವಿ, “ಅಪ್ಪಾ, ಇವುಗಳಲ್ಲಿ ಎಷ್ಟೋ ನೆನ್ನೆ ಮಧ್ಯಾಹ್ನದಿಂದ ಬೇರೆಯವರು ಹಾಡಿದ್ದೇ ಅಲ್ಲವೇ? ನೀವೇ ಬರೆದಿದ್ದೀರಿ, ನೋಡಿ. ನೀವು ಕೊನೆಯ ಪುಟವೊಂದನ್ನೇ ಪಟ್ಟಿ ಎನ್ನುತ್ತಿದ್ದೀರಿ” ಎಂದಳು.

ಮಾತು ಚುಚ್ಚಿತು. ನಾನು ಉತ್ತರಿಸದೆ ಮತ್ತೆ ಆಸ್ಟನ್ನಿಗೆ ಹೊರಟೆ, ಅವಳೂ ಬಂದಳು. ಭಾನುವಾರ. ಹಿಂದಿನ ದಿನ ಜನಸಾಗರ ತುಂಬಿದ್ದ ಬೀದಿಗಳು ಖಾಲಿಯಾಗಿದ್ದವು. ಹದಿನೇಳನೆಯ ಶತಮಾನದ ಆಸ್ಟನ್ ಹಾಲ್ ಎಂಬ ಮಹಾಸೌಧವನ್ನು ಹಾದು, ವಿಲ್ಲಾ ಪಾರ್ಕಿನ ಇಟ್ಟಿಗೆಯ ಗೋಡೆಗಳನ್ನು ಬಳಸಿ, ಲಾಡ್ಜ್ ರಸ್ತೆಗೆ ನಡೆದೇ ಹೋದೆವು. 14ನೆಯ ನಂಬರಿನ ಮನೆ ಖಾಸಗಿಯದು; ಒಳಗೆ ಹೋಗುವಂತಿಲ್ಲ. ನಮ್ಮಂತೆಯೇ ಕೆಲವರು ಎದುರಿನ ಕಾಲುದಾರಿಯಲ್ಲಿ ಸುಮ್ಮನೆ ನಿಂತಿದ್ದರು. ಕಿರಿದಾದ ಬಾಗಿಲು, ಒಂದು ಕಿಟಕಿ, ಬೀದಿಗೆ ಅಂಟಿದ ಹೊಸ್ತಿಲು. ಜಾಲಹಳ್ಳಿಯ ಕಾರ್ಮಿಕರ ವಸತಿಯಲ್ಲಿ ನಾವಿದ್ದ ಮನೆ ಇದಕ್ಕಿಂತ ಬಹಳ ದೊಡ್ಡದಾಗಿರಲಿಲ್ಲ.

ಅಲ್ಲಿ ನಿಂತಾಗ ತಂದೆಯವರ ಇನ್ನೊಂದು ಮಾತು ನೆನಪಿಗೆ ಬಂತು. ಒಂದು ರಾಮನವಮಿಯಲ್ಲಿ ವಯೋವೃದ್ಧ ವಿದ್ವಾಂಸರೊಬ್ಬರು ಹಾಡಿದರು. ಉಸಿರು ನಿಲ್ಲುತ್ತಿರಲಿಲ್ಲ, ರಾಗವನ್ನು ಮುಟ್ಟಿ ಮುಟ್ಟಿ ಬಿಟ್ಟರು, ಪಲ್ಲವಿಯನ್ನು ಕೈಬಿಟ್ಟರು. ಹೊರಗೆ ಬಂದಮೇಲೆ ನಾನು ಹುಡುಗುತನದಿಂದ “ಏನೂ ಹಾಡಲಿಲ್ಲವಲ್ಲ ಅಪ್ಪಾ” ಎಂದೆ. ತಂದೆಯವರು ಹೇಳಿದರು: “ವಯಸ್ಸಾದವರು ಏನು ಬಿಟ್ಟರು ಅಂತ ಲೆಕ್ಕ ಹಾಕಬಾರದು ಕಣೋ. ಏನನ್ನು ಉಳಿಸಿಕೊಂಡರು ಅಂತ ನೋಡಬೇಕು.”

ಪುಸ್ತಕ ತೆಗೆದು ಆ ಕಣ್ಣಿನಿಂದ ಒಂಬತ್ತನ್ನು ಓದಿದೆ. ಮೊದಲ ಐದರಲ್ಲಿ ನಾಲ್ಕು, 1979ರಲ್ಲಿ ವೃಂದದಿಂದ ಹೊರದೂಡಲ್ಪಟ್ಟು, ಕುಡಿತದಲ್ಲಿ ಮುಳುಗಿ, ಇನ್ನು ಮುಗಿಯಿತೆಂದು ಎಲ್ಲರೂ ಎಣಿಸಿದ್ದಾಗ ಅವರನ್ನು ಮೇಲೆತ್ತಿದ ಹಾಡುಗಳು. ಹೆಸರು ಭೀಕರವಾದ ‘ಸೂಯಿಸೈಡ್ ಸೊಲ್ಯೂಷನ್’ ಕೂಡ ಮದ್ಯವೆಂಬುದು ನಿಧಾನವಾದ ಆತ್ಮಹತ್ಯೆಯೆಂದು ಎಚ್ಚರಿಸುವಂಥದು. ಅವುಗಳಿಗೆ ಗಿಟಾರ್ ನುಡಿಸಿದ ರ‍್ಯಾಂಡಿ ರೋಡ್ಸ್ 1982ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ವಿಮಾನಾಪಘಾತದಲ್ಲಿ ತೀರಿಕೊಂಡರು. ಹಾಗಾದರೆ ಅದು ಋಣ ತೀರಿಸಿದ ಭಾಗ. ಆ ಮೇಲಿನ ನಾಲ್ಕು, ಇಪ್ಪತ್ತೆರಡು ತುಂಬದ ಹುಡುಗನಾಗಿ ಇದೇ ಬೀದಿಯ ಸುತ್ತಿನ ಮೂವರು ಗೆಳೆಯರೊಡನೆ ಹಾಡಿದವು. ಮುದುಕರು ಮಕ್ಕಳನ್ನು ಯುದ್ಧಕ್ಕೆ ಕಳಿಸುವುದನ್ನು ಖಂಡಿಸುವ ‘ವಾರ್ ಪಿಗ್ಸ್’ ಅಲ್ಲಿಯದು. ತಂದೆಯವರ ಪ್ರೆಸ್ ಷಾಪಿನ ಸದ್ದು ಅಲ್ಲಿಯದು. ಪಟ್ಟಿ 1980ರಿಂದ ಹಿಮ್ಮುಖವಾಗಿ 1970ಕ್ಕೆ ನಡೆದಿದೆ. ಅದು ಮನೆಯ ಕಡೆಗೆ ನಡೆದ ದಾರಿ. ‘ಮನೆಗೆ ಬರುತ್ತಿದ್ದೇನೆ’ ಎಂಬ ಹಾಡು ಆ ದಾರಿಯಲ್ಲಿ ಸುಮ್ಮನೆ ಬಂದದ್ದಲ್ಲವೆಂದು ನನಗೆ ತೋರಿತು.

ಕೊನೆಯದು ‘ಪ್ಯಾರನಾಯ್ಡ್’. ತಟ್ಟೆಯಲ್ಲಿ ಜಾಗ ಉಳಿಯಿತೆಂದು ಅವಸರದಲ್ಲಿ ಕಟ್ಟಿದ, ಮೂರು ನಿಮಿಷವೂ ಇಲ್ಲದ ಹಾಡು. 2017ರಲ್ಲಿ ಇದೇ ಊರಿನಲ್ಲಿ ವೃಂದ ವಿದಾಯ ಹೇಳಿದಾಗಲೂ ಕೊನೆಗೆ ಹಾಡಿದ್ದು ಅದನ್ನೇ. ನಮ್ಮ ಕಚೇರಿಗಳಲ್ಲಿ ಮಂಗಳವು ಅತ್ಯಂತ ಪ್ರೌಢವಾದ ಕೃತಿಯಾಗಿರಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಅದು ಎಲ್ಲರಿಗೂ ಬರಬೇಕು. ಎಲ್ಲರೂ ಎದ್ದು ನಿಂತು ದನಿಗೂಡಿಸಿ ಮನೆಗೆ ಹೋಗುವಂತಿರಬೇಕು. ‘ಪ್ಯಾರನಾಯ್ಡ್’ ಅಂಥ ಮಂಗಳ.

ಇನ್ನು ‘ಚೇಂಜಸ್’. 2003ರಲ್ಲಿ ಓಜಿ ಅದನ್ನು ಮಗಳು ಕೆಲಿಯೊಡನೆ ಮತ್ತೆ ಹಾಡಿದಾಗ ಇಂಗ್ಲೆಂಡಿನಲ್ಲಿ ಅದು ಮೊದಲ ಸ್ಥಾನಕ್ಕೇರಿತ್ತು. ತಂದೆ ಮಗಳಿಗೆ ಹಸ್ತಾಂತರಿಸಿದ ಹಾಡು ಈಗ ಇನ್ನೊಬ್ಬ ಯುವಕನ ಗಂಟಲಿಗೆ ದಾಟಿತು. ಹೊರಡುವವನು ಮನೆಯ ಪಾತ್ರೆಪಡಗವನ್ನೆಲ್ಲ ಹಂಚಿ, ತನಗೆ ಬೇಕಾದಷ್ಟನ್ನೇ ಕೈಯಲ್ಲಿ ಉಳಿಸಿಕೊಳ್ಳುವಂತೆ, ಆ ಮಧ್ಯಾಹ್ನವೆಲ್ಲ ನಡೆದದ್ದು ಹಂಚಿಕೆ. ಮಗಳಿಗೆ ಅಷ್ಟು ಬೇಗ ಕಂಡದ್ದು ನನಗೆ ಕಾಣಲು ಒಂದು ರಾತ್ರಿ, ಒಂದು ಹೊಸ್ತಿಲು ಬೇಕಾಯಿತು.

ಬ್ರಾಡ್ ಸ್ಟ್ರೀಟಿನ ಸೇತುವೆ

ಜುಲೈ 22ರಂದು ಓಜಿ ಆಸ್ಬರ್ನ್ ತೀರಿಕೊಂಡರು. ಕಚೇರಿಯಾಗಿ ಹದಿನೇಳು ದಿನ, ವಯಸ್ಸು 76. ನಾನು ಇನ್ನೂ ಮಗಳ ಮನೆಯಲ್ಲೇ ಇದ್ದೆ. ಸುದ್ದಿಯನ್ನು ಅವಳು ಓದಿ ಹೇಳಿದಾಗ ನನಗೆ ಮೊದಲು ಹೊಳೆದದ್ದು ಆ ಕುರ್ಚಿಯಲ್ಲಿ ಏಳಲು ತವಕಿಸಿದ ಮೈ.

ಜುಲೈ 30ರಂದು ಅವರ ಅಂತಿಮಯಾತ್ರೆ ಬ್ರಾಡ್ ಸ್ಟ್ರೀಟಿನಲ್ಲಿ ಸಾಗಿತು. ಅಲ್ಲಿ ಕಾಲುವೆಯ ಮೇಲಿನ ಸೇತುವೆಗೆ 2019ರಿಂದ ಬ್ಲ್ಯಾಕ್ ಸ್ಯಾಬತ್ತಿನ ಹೆಸರು. ನಾಲ್ವರ ಮುಖಗಳಿರುವ ಬೆಂಚೂ ಉಂಟು. ಆ ನಾಲ್ವರಿಗೆ ನಗರದ ಪೌರಸನ್ಮಾನ ಸಂದದ್ದು ಜೂನ್ 28ರಂದು. ತಿಂಗಳು ತುಂಬಿ ಎರಡೇ ದಿನಕ್ಕೆ ಅವರಲ್ಲೊಬ್ಬರ ಶವವಾಹನ ಅಲ್ಲಿ ನಿಂತಿತು. ಹಿತ್ತಾಳೆಯ ವಾದ್ಯಗಳ ತಂಡವೊಂದು ಅವರ ಹಾಡುಗಳನ್ನು ನುಡಿಸುತ್ತ ಮುಂದೆ ನಡೆಯಿತು. ಮನೆಯವರು ಇಳಿದು ಹೂವಿನ ರಾಶಿಯ ಮುಂದೆ ನಿಂತರು. ಸಾವಿರಾರು ಜನ, ಅಜ್ಜಂದಿರ ಹೆಗಲ ಮೇಲೆ ಮೊಮ್ಮಕ್ಕಳು. ಯಾರೂ ನೂಕಲಿಲ್ಲ. ನನ್ನ ಬಳಿ ನಿಂತಿದ್ದ ಮುದುಕಿಯೊಬ್ಬರು ಯಾರಿಗೂ ಅಲ್ಲದಂತೆ, ಹುಡುಗ ಮನೆಗೆ ಬಂದ ಎಂದರು.

ಬೆಂಗಳೂರಿಗೆ ಮರಳಿದಮೇಲೆ ಹಳೆಯ ಟ್ರಂಕಿನಿಂದ ತಂದೆಯವರ ಕಿರುಡೈರಿಗಳನ್ನು ತೆಗೆದೆ. ಅವರು ಕೊನೆಯ ಸಲ ರಾಮನವಮಿಗೆ ಹೋದ ವರ್ಷ ಕೈ ನಡುಗುತ್ತಿತ್ತು. ಬಹಳ ಹೊತ್ತು ಕೂರಲಾಗದೆ ನಡುವೆಯೇ ಎದ್ದು ಬಂದಿದ್ದರು. ಆ ದಿನದ ಪುಟದಲ್ಲಿ ಮೂರೇ ಕೃತಿಗಳು, ಅಕ್ಷರಗಳು ಸೊಟ್ಟಗೆ. ಕೆಳಗೆ, ಕೇಳದಿದ್ದರೂ, ‘ಮಂಗಳ’ ಎಂದು ಬರೆದುಕೊಂಡಿದ್ದರು.

ನನ್ನ ಒಂಬತ್ತು ಹಾಡುಗಳ ಹಾಳೆಯನ್ನು ಆ ಪುಟದೊಳಗೆ ಮಡಿಸಿಟ್ಟಿದ್ದೇನೆ. ಹಿಂಬದಿಯ ದೋಷಪಟ್ಟಿಯನ್ನು ಅಳಿಸಿಲ್ಲ. ಅದೂ ಕೇಳಿದವನ ಪ್ರೀತಿಯ ಲೆಕ್ಕವೇ ತಾನೆ.